ಬಾಯೊಳಗಿನ ಉಂಗುರ

ಒಳಗಿನ ಕೋಣೆಯಲ್ಲಿ ಬೈರಿಗೆ ಮತ್ತೆ ಶುರುವಾಯಿತು, ಕಿರ್ರ್ ಅಂತ ತೆಳ್ಳಗೆ, ನಿಂತಿತು, ಯಾರೋ ಗಂಡಸು ಕ್ಯಾಕರಿಸಿ ಉಗಿದ, ಮತ್ತೆ ಕಿರ್ರ್ — ಕಾಲಲ್ಲಿ ತುಳಿಯುವ ಬೈರಿಗೆ ಅದು, ಹೊಲಿಗೆ ಮಿಷನ್ನಿನ ಹಾಗೆ, ಹಲ್ಲಿನ ಡಾಕ್ಟರ ಕಾಲು ತುಳಿಯುತ್ತಲೇ ಇರುತ್ತದೆ, ಕೈ ಮಾತ್ರ ಅಲ್ಲಾಡುವುದಿಲ್ಲ, ಇಂದ್ರಮ್ಮನಿಗೆ ಎಲ್ಲಾ ಗೊತ್ತು, ಈ ಬೆಂಚು ಗೊತ್ತು, ಲವಂಗದೆಣ್ಣೆಯ ಈ ವಾಸನೆ ಗೊತ್ತು, ಗೋಡೆಯ ಮೇಲೆ ತೂಗುಹಾಕಿದ ದವಡೆಯ ಚಿತ್ರ ಗೊತ್ತು, ಹೋದ ಸಲ ಮಂಡ್ಯಕ್ಕೆ ಬಂದು ಇಲ್ಲಿ ಕೂತಾಗ ಪಕ್ಕದಲ್ಲಿ ಗಂಡ ಇದ್ದ, ಈಗ ಗಂಡನ ತಾಯಿ ಇದ್ದಾಳೆ, ಬೆಳಗ್ಗೆ ಕೆರಗೋಡಿನಿಂದ ಬಂದ, ಇದ್ದಿಲಿನ ಅನಿಲದಲ್ಲಿ ಓಡುವ ಬಸ್ಸು ದಾರಿಯಲ್ಲಿ ಉಸಿರು ಕಟ್ಟಿ ನಿಂತಿತ್ತು, ಎಲ್ಲರೂ ಇಳಿದು ತಳ್ಳಿದರು, ಇವಳೂ ಇಳಿದಳು, ಯಾರೂ ಇವಳಿಗೆ ತಳ್ಳು ಅನ್ನಲಿಲ್ಲ, ಹೊಸ ವಿಧವೆ, ಮುಟ್ಟಿದರೆ ಬಸ್ಸು ಇನ್ನಷ್ಟು ಕೆಡುತ್ತದೆಂದೋ ಏನೋ, ರಸ್ತೆಯ ಬದಿ ಕಬ್ಬಿನ ಗದ್ದೆಯ ಬದುವಿನ ಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು, ಮತ್ತೆ ಹತ್ತಿ ಕೂತಳು, ಸುಸ್ತು, ಕೂತರೂ ಸುಸ್ತು, ನಿಂತರೂ ಸುಸ್ತು. ಇನ್ನೊಬ್ಬರದು ಆದ್ಮೇಲೆ ನಮ್ದೆ ಕಣವ್ವ ಅಂದಳು ಅತ್ತೆ ದೊಡ್ಡತಾಯಮ್ಮ. ಇಂದ್ರಮ್ಮ ತಲೆ ಆಡಿಸಿದಳು.

ಎಲ್ಲ ತೆಗೆದಾಗಿತ್ತಲ್ಲ. ಬಳೆ ಒಡೆದರು, ಕಾಲುಂಗುರ ಎಳೆದರು, ಮೂಗುಬೊಟ್ಟು ತಿರುಗಿಸಿ ತಿರುಗಿಸಿ ಬಿಚ್ಚುವಾಗ ಒಂದು ತೊಟ್ಟು ರಕ್ತ ಬಂತು, ತಾಳಿ ಯಾರು ತೆಗೆದರೋ ನೆನಪಿಲ್ಲ, ಕಣ್ಣು ಮುಚ್ಚಿಕೊಂಡಿದ್ದಳು, ಕೊರಳಿಗೆ ಯಾರದೋ ತಣ್ಣನೆಯ ಬೆರಳು ತಗಲಿದ್ದಷ್ಟೇ ಗೊತ್ತು — ಉಳಿದದ್ದು ಇದೊಂದು, ಬಾಯೊಳಗಿನ ಇದು, ಮೇಲಿನ ಸಾಲಿನಲ್ಲಿ ಕೋರೆಹಲ್ಲಿನ ಪಕ್ಕ, ನಕ್ಕರೆ ಕಾಣುತ್ತದೆ, ಅತ್ತರೂ ಕಾಣುತ್ತದೆ, ಅದೇ ತಪ್ಪಾಯಿತು. ಕರೆಂಟು ತೆಗೆಯುವ ಬ್ಲಫಿನಲ್ಲಿ ಕೆಲಸಕ್ಕಿದ್ದ ಗಂಡ ಸಿದ್ದರಾಜುವಿನ ಹೆಣ ಅಲ್ಲಿಂದ ಲಾರಿಯಲ್ಲಿ ಬಂದ ದಿನ ಅವಳು ಲಾರಿಯಿಂದ ಇಳಿದವಳೇ ಅಂಗಳದಲ್ಲಿ ಕುಸಿದು ಅಯ್ಯೋ ಎಂದು ಬಾಯಿ ತೆರೆದದ್ದು, ಪಕ್ಕದ ಮನೆಯ ಚಿಕ್ಕಬೋರಮ್ಮ ಅಷ್ಟು ಜನರ ನಡುವೆ ಅಂದದ್ದು, ನೋಡ್ರವ್ವಾ, ಗಂಡ ಸತ್ತು ಮನಗವ್ನೆ, ಇವ್ಳ ಬಾಯಲ್ಲಿ ಚಿನ್ನ ಒಳೀತಾದೆ. ಕೂಡಲೇ ಅತ್ತೆಯ ಅಂಗೈ ಬಂದು ಬಾಯಿ ಮುಚ್ಚಿತು, ಕಡ್ಡಿಪುಡಿಯ ವಾಸನೆಯ ಒರಟು ಅಂಗೈ, ಮುಚ್ಕೊ ಮಗ, ಎಲ್ರೂ ನೋಡ್ತಾವ್ರೆ, ಮುಚ್ಕೊ — ಗಂಟಲವರೆಗೆ ಬಂದಿದ್ದ ಅಳು ಹಾಗೇ ಹಿಂದಕ್ಕೆ ಇಳಿದು ಹೋಯಿತು, ಮಗನ ಕಾಲ ಬಳಿ ಅತ್ತೆ ಮಾತ್ರ ಬಾಯ್ತುಂಬ ಅತ್ತಳು, ಎದೆ ಬಡಿದುಕೊಂಡು ಅತ್ತಳು, ಅವಳಿಗೇನು, ಬೋಡು ಬಾಯಿ. ಇಂದ್ರಮ್ಮ ತುಟಿ ಬಿಗಿದು ಕೂತಳು, ಅಂದಿನಿಂದ ಬಿಗಿದೇ ಇದ್ದಾಳೆ, ಬಂದವರೆಲ್ಲ ಪಾಪ ಮಾತೇ ನಿಂತೋಗೈತೆ ಎಡ್ತಿಗೆ, ಎಂತಾ ಸಂಕಟ ನೋಡು ಅನ್ನುತ್ತಿದ್ದರು, ಸಂಕಟವನ್ನು ಎಲ್ಲಿ ನೋಡಿದರೋ, ಬಾಯಿ ತೆರೆಯುವುದಕ್ಕೇ ಹೆದರಿಕೆಯಾದವಳ ಸಂಕಟ ಯಾರಿಗೆ ಕಾಣುತ್ತದೆ. ತಿಥಿಯ ದಿನ ಹೆಂಗಸರೆಲ್ಲ ಕೂತು ತೀರ್ಮಾನ ಮಾಡಿದರು, ಮುತ್ತೈದೆಯ ಒಡವೆ ಒಂದೂ ಇರಬಾರದು, ಬಾಯಲ್ಲಿದ್ದರೂ ಒಡವೆ ಒಡವೆಯೇ, ಚಿಕ್ಕಬೋರಮ್ಮ ಹುರಿ ಕಟ್ಟಿ ಎಳೆದಳು, ಮಕ್ಕಳ ಹಾಲುಹಲ್ಲು ಕೀಳುವ ಹಾಗೆ, ದವಡೆ ನೋವು ಬಂತೇ ಹೊರತು ಅದು ಜಗ್ಗಲಿಲ್ಲ, ಆಮೇಲೆ ಆಚಾರಿ ಇಕ್ಕಳ ಹಿಡಿದು ಬಂದ, ಬೆಳಕಿಗೆ ಬಾಯಿ ತೆರೆಸಿ ಒಮ್ಮೆ ನೋಡಿ ಹಿಂದಕ್ಕೆ ಸರಿದ, ಇದು ಅರಗಲ್ಲಿ ಅಂಟ್ಸಿರೋದಲ್ಲ ಕಣ್ರವ್ವ, ಇಕ್ಕಳ ಆಕುದ್ರೆ ಹಲ್ಲೇ ಕಿತ್ಕಂಡು ಬತ್ತದೆ, ಆಕ್ದೋರ ತಾವ್ಕೇ ಕರ್ಕಂಡ್ ಓಗಿ. ಅದಕ್ಕೇ ಬಂದದ್ದು.

ಒಡವೆಯಂತೆ. ಒಡವೆ ಆಸೆಗೆ ಯಾರಾದರೂ ಇಷ್ಟು ನೋವು ತಿನ್ನುತ್ತಾರೆಯೆ, ರೇಷನ್ ಅಂಗಡಿಯ ಕಂಟ್ರೋಲ್ ಅಕ್ಕಿಯಲ್ಲಿದ್ದ ಕಲ್ಲಿನ ಕೆಲಸ ಅದು, ಬ್ಲಫಿನ ಮನೆಯಲ್ಲಿ, ಹೊಳೆ ಹಗಲೂ ರಾತ್ರಿ ಮೊರೆಯುವ ಊರಲ್ಲಿ ಅನ್ನ ಬಾಯಿಗಿಟ್ಟಾಗ ಕಟ್ ಎಂದ ಸದ್ದು ಅವಳ ತಲೆಯೊಳಗೆ ಮಾತ್ರ ಕೇಳಿಸಿತು, ಕೈಗೆ ಅರ್ಧ ಹಲ್ಲು ಬಂತು, ಸಿದ್ದರಾಜು ಮೊದಲು ಬೈದ, ಆಯ್ದು ಬೇಸ್ಬಾರ್ದೇನಮ್ಮಿ, ಆಮೇಲೆ ಇವಳು ತಣ್ಣೀರು ಕುಡಿದು ಗೋಡೆ ಹಿಡಿದುಕೊಂಡದ್ದು ನೋಡಿ ಸುಮ್ಮನಾದ, ರಜೆ ಹಾಕಿ ಇಲ್ಲಿಗೆ ಕರೆತಂದ. ಡಾಕ್ಟರು ಕಂಬಿಯಿಂದ ತಟ್ಟಿ ನೋಡಿ ಹೇಳಿದ್ದರು, ಬೇರು ಗಟ್ಟಿಯಾಗಿದೆ, ನರ ಬದುಕಿದೆ, ಕೀಳೋದು ತಪ್ಪು, ಸುತ್ತಲೂ ಉಜ್ಜಿ ಸಣ್ಣ ಮಾಡಿ ಮೇಲೊಂದು ಟೋಪಿ ಕೂರಿಸೋಣ, ಕಿರೀಟ ಅಂತಾರೆ ಇದಕ್ಕೆ, ಚಿನ್ನ ನೀವೇ ತರಬೇಕು. ಸಿದ್ದರಾಜು ಅಲ್ಲೇ ಬೆರಳಿನ ಉಂಗುರ ಎಳೆದ, ಬರಲಿಲ್ಲ, ಡಾಕ್ಟರ ಸೋಪು ಹಾಕಿ ತಿರುಗಿಸಿ ತಿರುಗಿಸಿ ತೆಗೆದ, ಮದುವೆಯಲ್ಲಿ ಅವನ ತಾಯಿ ಹಾಕಿದ ಉಂಗುರ, ಬೇಡ ಅಂದರೆ ಕೇಳಲಿಲ್ಲ, ಕಿರೀಟ ಆಕುಸ್ಕತೀಯ, ರಾಣಿ ಆಗೋದೆ ಬುಡಮ್ಮಿ ಅಂದ, ಡಾಕ್ಟರ ಕಾಲು ನೋಡಿ ಅವರನ್ನೂ ಬಿಡಲಿಲ್ಲ, ಊರಿಗೆಲ್ಲ ಕರೆಂಟು ಕೊಡೋರು ನಾವು, ನೀವಿನ್ನೂ ತುಳೀತಾನೇ ಇದೀರಲ್ಲ ಸ್ವಾಮಿ. ಒಸಡಿಗೆ ಸೂಜಿ ಹಾಕಿ ಮರಗಟ್ಟಿಸಿದರು, ಆಮೇಲೆ ಉಜ್ಜಿದರು, ಸುಟ್ಟ ಕೊಂಬಿನ ವಾಸನೆ, ಬಾಯ್ತುಂಬ ಹಿಟ್ಟು, ಹಲ್ಲಿನ ಬುಡಕ್ಕೆ ಸಣ್ಣ ತಂತಿ ಸುತ್ತಿ ಅಳತೆ ತೆಗೆದರು, ಬಿಸಿ ಮೇಣ ಕಚ್ಚಿಸಿದರು, ಕನ್ನಡಿ ಕೊಟ್ಟು ನೋಡಿಕೋ ಅಂದರು, ಇದ್ದದ್ದು ಸವೆದ ಬಳಪದ ತುಂಡಿನಷ್ಟು ಹಲ್ಲು, ತನ್ನದೇ, ನಂಬಲಾಗಲಿಲ್ಲ, ಟೋಪಿ ಸಿದ್ಧವಾಗುವ ತನಕ ಅದು ಬರಿಮೈಯಲ್ಲೇ ಇತ್ತು, ವಾಪಸು ಹೋಗುವಾಗ ಬಸ್ಸಿನ ಗಾಳಿ ತಗುಲಿದರೂ ನೆತ್ತಿಯವರೆಗೆ ಚಳುಕು, ಅವನು ತನ್ನ ಟವೆಲನ್ನು ಅವಳ ಮುಖಕ್ಕೆ ಸುತ್ತಿದ, ಬಸ್ಸಿನವರೆಲ್ಲ ನಕ್ಕರು.

ಮತ್ತೆ ಬಂದಾಗ ಗಾಜಿನ ಮೇಲೆ ಗಾರೆಯಂಥದ್ದನ್ನು ಕಲಸಿ, ಟೋಪಿಯೊಳಗೆ ತುಂಬಿ ಹಲ್ಲಿನ ಮೇಲೆ ಒತ್ತಿದರು, ಹತ್ತಿ ಇಟ್ಟು ಕಚ್ಚು, ಕಚ್ಚು, ಬಿಡಬೇಡ ಅಂದರು, ಹುಳಿ ಹುಳಿ, ಕಣ್ಣಲ್ಲಿ ನೀರು, ಬಿಟ್ಟಾಗ ಅದು ಅವಳದೇ ಆಗಿತ್ತು, ತಣ್ಣೀರು ಕುಡಿದಳು, ಏನೂ ಆಗಲಿಲ್ಲ. ಅಲ್ಲಿಂದಾಚೆ ದಿನಾ ಸಂಜೆ ಡ್ಯೂಟಿ ಮುಗಿಸಿ ಬಂದವನೇ ಬ್ಯಾಟರಿ ಬಿಟ್ಟು, ಆ ಅನ್ನು, ನನ್ನುಂಗ್ರ ಐತಾ ನೋಡ್ತೀನಿ, ಅವಳು ಆ ಅನ್ನುತ್ತಿದ್ದಳು, ಅವನ ಬೀಡಿ ವಾಸನೆಯ ಮುಖ ಅಷ್ಟು ಹತ್ತಿರ, ಗಂಡಹೆಂಡಿರ ಸರಸ ಅಂದರೆ ಅವರದು ಅಷ್ಟೇ, ಬೇರೆಯವರು ಕಂಡರೆ ಹುಚ್ಚರು ಅಂದುಕೊಳ್ಳಬೇಕು. ಅತ್ತೆಗೆ ಸುದ್ದಿ ಮುಟ್ಟಿದಾಗ, ನಾ ಬೆರಳ್ಗೆ ಆಕ್ದುದ್ನ ಎಡ್ತಿ ಬಾಯ್ಗೆ ಆಕ್ದಲ್ಲಲಾ ಅಂದಿದ್ದಳು, ಅವನು ನಕ್ಕ, ಅತ್ತೆ ನಗಲಿಲ್ಲ. ಅವನಿಗೆ ಚಳಿಜ್ವರ ಬಂದ ಮೇಲೂ ಒಂದು ಸಂಜೆ ಬ್ಯಾಟರಿ ಕೇಳಿದ, ಕೈ ನಡುಗಿ ಬೆಳಕೆಲ್ಲ ಗೋಡೆಯ ಮೇಲೇ ಓಡಾಡಿತು, ನಾಳಿಕ್ಕೆ ನೋಡ್ತೀನಿ ಬುಡು ಅಂದ. ನೋಡಲಿಲ್ಲ.

ಬಾಮ್ಮ, ಕೂತ್ಕೊ, ಅಂದರು ಡಾಕ್ಟರು, ಎತ್ತರದ ಕುರ್ಚಿ, ತಲೆಗೆ ಅದೇ ಗಟ್ಟಿ ದಿಂಬು, ನಿಮ್ಮೆಜಮಾನ್ರು ಬರ್ಲಿಲ್ವಾ ಅಂತ ಕೇಳಬೇಕೆಂದಿದ್ದವರು ಬರಿ ಹಣೆ ನೋಡಿ ನುಂಗಿಕೊಂಡರು, ಒಳ್ಳೆಯ ಮನುಷ್ಯ. ಅತ್ತೆಯೇ ಎಲ್ಲ ಹೇಳಿದಳು, ತಗುದ್ಬುಡಿ ಸ್ವಾಮಿ, ಮುಂಡೇರು ಚಿನ್ನ ಇಕ್ಕಬಾರ್ದು. ಅವರು ಕನ್ನಡಿಕಡ್ಡಿ ಒಳಗಿಟ್ಟು ನೋಡಿ, ಕೈ ಒರೆಸಿಕೊಂಡು ಅತ್ತೆಯ ಕಡೆ ತಿರುಗಿದರು, ನೋಡಿ ತಾಯಿ, ಇದು ಒಡವೆ ಅಲ್ಲ, ಮನೆಗೆ ಹೆಂಚು ಇದ್ದ ಹಾಗೆ, ಒಳಗಿರೋದು ಉಜ್ಜಿ ಸಣ್ಣ ಮಾಡಿದ ಹಲ್ಲು, ಅದು ಮತ್ತೆ ಬೆಳೆಯೋದಿಲ್ಲ, ಇದನ್ನ ಬಿಚ್ಚೋಕೆ ಬರೋದಿಲ್ಲ, ಸೀಳಿ ಸುಲೀಬೇಕು, ಸೀಳಿದ ಮೇಲೆ ತಿರುಗಿ ಹಾಕೋಕಾಗಲ್ಲ, ತಣ್ಣೀರು ಬಿಸಿಮುದ್ದೆ ಎರಡೂ ಹೊಡೆಯುತ್ತೆ, ಇವತ್ತಲ್ಲ ನಾಳೆ ಹಲ್ಲೇ ಕೀಳಬೇಕಾಗುತ್ತೆ, ಯೋಚನೆ ಮಾಡಿ. ಇಂದ್ರಮ್ಮ ಒಳಗೊಳಗೇ ಬೇಡಿಕೊಂಡಳು, ಬೇಡ ಅನ್ನು ಅತ್ತೆ, ಸರಿ ಬುಡಿ ಅನ್ನು, ಇದೊಂದು ಇರಲಿ, ಎಲ್ಲ ಕೊಟ್ಟಿದ್ದೇನೆ, ಒಂದನ್ನೂ ಬಿಗಿಹಿಡಿಯಲಿಲ್ಲ, ಇದೊಂದನ್ನು ಬಿಟ್ಟುಬಿಡು, ಬಾಯಿ ಮುಚ್ಚಿಕೊಂಡೇ ಬದುಕುತ್ತೇನೆ, ಯಾರಿಗೂ ತೋರಿಸುವುದಿಲ್ಲ, ನಾಲಿಗೆ ತಾನಾಗಿ ಅದರ ಹತ್ತಿರ ಹೋಗಿ ನಿಂತಿತ್ತು, ನುಣುಪು, ಬೆಚ್ಚಗೆ.

ಅತ್ತೆ ಕೇಳಿದಳು, ಸೀಳುದ್ಮೇಲೆ ಆ ಚಿನ್ನವ ನಂಗೆ ಕೊಡ್ತೀರಾ ಸ್ವಾಮಿ. ಕೊಡ್ತೀನಿ, ಆದ್ರೆ ಅದು ಕಾಗದದಷ್ಟು ತೆಳ್ಳಗಿರುತ್ತೆ ತಾಯಿ ಅಂದರು ಡಾಕ್ಟರು. ಎಷ್ಟಿದ್ರೂ ಸರಿ ಅಂದಳು, ಧ್ವನಿ ಬೇರೆಯಾಗಿತ್ತು, ಅದು ಅವನ ಉಂಗ್ರ, ನಾ ಆಕುದ್ದು, ಅವುನ್ದು ಅನ್ನೋದು ನನ್ತಾವು ಏನೂ ಇಲ್ಲ ಕಣಪ್ಪ, ಬಟ್ಟೆ ಬರೆಯೆಲ್ಲ ಅಗಸ್ರಿಗೆ ಓಯ್ತು, ಮೊಮ್ಮಗ ಅನ್ನಾಕೆ ಒಂದು ಕೂಸೂ ಇಲ್ಲ, ಊರೋರು ಏನಾರ ಅಂದ್ಕಳ್ಳಿ, ನಂಗ್ ಅದ್ ಬೇಕು — ಹೇಳುತ್ತಾ ಹೇಳುತ್ತಾ ಕೈ ಚಾಚಿದಳು, ಈಗಲೇ ಯಾರೋ ತೆಗೆದು ಇಡುತ್ತಾರೆ ಎಂಬಂತೆ, ಕುರ್ಚಿಯ ಪಕ್ಕದಲ್ಲಿ, ಅಂಗೈ ಮೇಲಾಗಿ, ಗೆರೆಗೆರೆ ಒಡೆದ ಬರಿ ಅಂಗೈ. ಹಾಗಾದರೆ ಶಾಸ್ತ್ರವೂ ಅಲ್ಲ, ಚಿಕ್ಕಬೋರಮ್ಮನೂ ಅಲ್ಲ, ಇಷ್ಟು ದಿನ ಅತ್ತೆಯನ್ನು ನೂಕಿ ನೂಕಿ ಇಲ್ಲಿಗೆ ತಂದದ್ದು ಮಗನ ಈ ಉಂಗುರ, ಮುದುಕಿ, ಕಳ್ಳ ಮುದುಕಿ, ಮೊದಲೇ ಬಾಯಿಬಿಟ್ಟು ಕೇಳಬಾರದಿತ್ತೆ, ಕೇಳಿದ್ದರೆ — ಕೇಳಿದ್ದರೆ ಕೊಡುತ್ತಿದ್ದೆಯಾ, ಎಂದು ಇಂದ್ರಮ್ಮ ತನ್ನನ್ನೇ ಕೇಳಿಕೊಂಡಳು, ಹೆತ್ತವಳು ಆಕೆ, ತಾನು ಬಂದದ್ದು ನಿನ್ನೆ ಮೊನ್ನೆ, ಲೆಕ್ಕಕ್ಕೆ ತೆಗೆದುಕೊಂಡರೆ ಅವಳ ಪಾಲೇ ದೊಡ್ಡದು, ಆದರೆ ಆ ಅನ್ನು ಅಂದದ್ದು ತನಗೆ, ಬ್ಯಾಟರಿ ಬಿಟ್ಟದ್ದು ತನ್ನ ಬಾಯಿಗೆ, ಸುಲಿದು ಕೊಟ್ಟರೆ ಅವಳಿಗೆ ಸಿಗುವುದು ಒಂದು ಚೂರು ತಗಡು, ತನಗೆ ಉಳಿಯುವುದು ಬಳಪದ ತುಂಡು, ಇಬ್ಬರಲ್ಲಿ ಯಾರಿಗೂ ಅವನು ಸಿಗುವುದಿಲ್ಲ. ಏನಮ್ಮ, ತೆಗೀಲಾ, ಅಂದರು ಡಾಕ್ಟರು, ಅತ್ತೆಯನ್ನಲ್ಲ, ಇವಳನ್ನೇ ಕೇಳಿದರು, ಅವನು ಹೋದ ಮೇಲೆ ಯಾರೂ ಇವಳನ್ನು ಏನನ್ನೂ ಕೇಳಿರಲಿಲ್ಲ. ಬ್ಯಾಡಿ ಸ್ವಾಮಿ, ಅಂದಳು, ಸ್ವರ ಒಣಗಿ ಒಡೆದಿತ್ತು, ಬಾಯಿ ಪೂರ್ತಿ ತೆರೆದಿತ್ತು, ನಾ ಕೊಡಾಕಿಲ್ಲ ಅತ್ತೆಮ್ಮ, ಏನು ಬೇಕಾರೂ ಕೇಳಿ, ಇದ ಕೊಡಾಕಿಲ್ಲ. ಡಾಕ್ಟರು ಕೈಯಲ್ಲಿದ್ದ ಹತಾರವನ್ನು ತಟ್ಟೆಗೆ ಇಟ್ಟರು.

ಸರಿ ಬುಡು, ಅಂದಳು ಅತ್ತೆ, ಬಯ್ಯಲಿಲ್ಲ, ಬಯ್ದಿದ್ದರೆ ಚೆನ್ನಾಗಿತ್ತು, ತಿರುಗಿ ಬಯ್ದು ಹಗುರಾಗಬಹುದಿತ್ತು, ಜಗಳಕ್ಕೆ ಇಬ್ಬರಲ್ಲೂ ಕಸುವಿರಲಿಲ್ಲ, ಬಿಸಿಲಲ್ಲಿ ಬಸ್ ಸ್ಟ್ಯಾಂಡಿನ ತನಕ ಹಿಂದೆ ಮುಂದೆ ನಡೆದರು, ಬಸ್ಸಿನವನು ಇದ್ದಿಲಿಗೆ ಬೆಂಕಿ ಮಾಡಿ ಗಾಳಿಯ ಚಕ್ರ ತಿರುಗಿಸುವ ತನಕ ನೆರಳಲ್ಲಿ ಕೂತರು, ಹತ್ತಿದರು, ಊರಿಗೆ ಹೋದ ಮೇಲೆ ಚಿಕ್ಕಬೋರಮ್ಮ ಬಾಯಿ ತೆಗೆ ನೋಡೋಣ ಅನ್ನುತ್ತಾಳೆ, ಅನ್ನಲಿ, ತೆರೆದು ತೋರಿಸಿದರಾಯಿತು, ಇಷ್ಟು ಹಗುರವಾಗಬಹುದಿತ್ತು ಈ ದಿನ, ಗೆದ್ದವಳ ಹಾಗೆ ಕೂರಬಹುದಿತ್ತು, ಆದರೆ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಾಳೆ, ಕೈ ಮಡಿಲಲ್ಲಿ, ಅಂಗೈ ಮೇಲಾಗಿ, ಡಾಕ್ಟರ ಕೋಣೆಯಲ್ಲಿ ಚಾಚಿದ ಹಾಗೇ ಇದೆ, ಅದು ಅವಳಿಗೆ ಮರೆತೇ ಹೋಗಿದೆ. ಕಂಡಕ್ಟರು ಬಂದ, ತಗೊಳಮ್ಮೋ ಎಂದು ಆ ಅಂಗೈಯ ಮೇಲೆ ಟಿಕೀಟು ಇಟ್ಟು ಮುಂದೆ ಹೋದ, ಬೆರಳು ಮಡಚಲಿಲ್ಲ, ಗಾಳಿ ಬಂತು, ಟಿಕೀಟು ಹಾರಿ ಕಿಟಕಿಯಿಂದಾಚೆ ಹೋಯಿತು, ಅತ್ತೆ ನೋಡಲೂ ಇಲ್ಲ, ಕೈ ಮಡಿಸಿಕೊಳ್ಳಿ ಅತ್ತೆಮ್ಮ ಅನ್ನಬೇಕು, ಅನ್ನಬೇಕು, ಕಬ್ಬಿನ ಗದ್ದೆ ಹಿಂದೆ ಹೋಯಿತು, ನಾಲೆ ಹಿಂದೆ ಹೋಯಿತು, ಬಸ್ಸು ಕುಲುಕಿದಾಗ ಅದೂ ಕುಲುಕುತ್ತದೆ, ಮುಚ್ಚುವುದಿಲ್ಲ, ಆ ಅಂಗೈ, ಬರಿ ಅಂಗೈ, ಚಾಚಿದ್ದು ಚಾಚಿದ ಹಾಗೇ ಇರುವ ಅಂಗೈ —