ನೋಟಿಸ್ ಕೊಡಿ ಸ್ವಾಮಿ

"ಕಕ್ಕಸು ತೊಳೆಯೋಳಿಗೆ ಎಲೆಕ್ಷನ್ ಯಾಕೇ, ಬೇವರ್ಸಿ! ಬಾಯಿಗೂ ಒಂದಿಷ್ಟು ಫಿನಾಯಿಲ್ ಹುಯ್ಕೋ!"

ಕಚೇರಿಯ ಸಾಹೇಬರ ಬೈಗುಳ ಕೋಣೆಯಿಂದ ಹೊರಬಿದ್ದಾಗ ಗಂಟಲಮ್ಮ ರೇಷನ್ ಕಾರ್ಡಿನ ಸಾಲಿನವರ ಕಾಲ ಬಳಿ ನೆಲ ಒರೆಸುತ್ತಿದ್ದಳು. ಒರೆಸುತ್ತಲೇ ಸಾಲಿನಲ್ಲಿದ್ದ ನಾದಿನಿಯ ಕಿವಿಯಲ್ಲಿ ಗುಟ್ಟಾಗಿ ಒಂದು ಮಾತು ಹೇಳಿದ್ದಳು. ಅವಳ ಗುಟ್ಟು ಎದುರು ಬೀದಿಯ ಕ್ಷೌರದಂಗಡಿಗೂ ಕೇಳಿಸುತ್ತಿತ್ತು. ಗಂಟಲಮ್ಮ ಎಂಬ ಅಡ್ಡಹೆಸರು ಸುಮ್ಮನೆ ಬಿದ್ದದ್ದಲ್ಲ.

ಹೇಳಿದ್ದಾದರೂ ಏನು? ವೋಟರ್ ಲಿಸ್ಟಿಗೆ ಹೆಸರು ಸೇರಿಸಲು ಇವತ್ತೇ ಕೊನೆ, ಬಸ್ ನಿಲ್ದಾಣದ ಹಿಂದಿನ ಶಾಲೆಯಲ್ಲಿ ಬರೆದುಕೊಳ್ಳುತ್ತಿದ್ದಾರೆ, ಅಷ್ಟೆ. ಹೋದ ಸಲದವರೆಗೂ ಕಾರ್ಡು ಕೊಡುವ ಕಿಟಕಿಯಲ್ಲೇ ಪಟ್ಟಿಗೆ ಸೇರಿಸುವ ಫಾರಮ್ಮನ್ನೂ ಕೊಡುತ್ತಿದ್ದರು. ಈಗ ಮೇಲಿನಿಂದ ಆದೇಶ ಬಂದಿತ್ತು: ಸರ್ಕಾರಿ ನೌಕರರು ಕಚೇರಿಯಲ್ಲಿ ಮತದಾರರ ಪಟ್ಟಿಯ ಸುದ್ದಿಯನ್ನೇ ಎತ್ತುವಂತಿಲ್ಲ. ಫಾರಮ್ಮಿನ ಕಟ್ಟು ಬೀರು ಸೇರಿ ಬೀಗ ಹಾಕಿಸಿಕೊಂಡಿತ್ತು.

ಗಂಟಲಮ್ಮನ ಬೀದಿಯ ಗುಡಿಸಲುಗಳನ್ನು ಕಿತ್ತು ಊರಾಚೆ ಹಾಕಿದಾಗ ಅಲ್ಲಿಯವರ ಹೆಸರೆಲ್ಲ ಪಟ್ಟಿಯಿಂದ ಉದುರಿಹೋಗಿತ್ತು. ನಲ್ಲಿ ಹಾಕಿಸಿ ಎಂದು ಕೇಳಲು ಹೋದರೆ ವಾರ್ಡಿನ ಮೆಂಬರು, "ನಿಮ್ದು ಇಲ್ಲಿ ಓಟೇ ಇಲ್ವಲ್ರೋ" ಎಂದು ಹಲ್ಲು ಕಿರಿದಿದ್ದ. ಇವತ್ತು ತಪ್ಪಿದರೆ ಮುಂದಿನ ಎಲೆಕ್ಷನ್‌ವರೆಗೂ ಅದೇ ಹಲ್ಲು ನೋಡಬೇಕಿತ್ತು.

ಸಾಹೇಬರು ಬಾಗಿಲಿಗೇ ಬಂದರು. "ನೌಕರರು ಬಾಯಿ ಬಿಡಬಾರ್ದು ಅಂತ ಆರ್ಡರ್ ಇದೆ, ಗೊತ್ತಿಲ್ವೇನೇ?"

ಗಂಟಲಮ್ಮ ನೆಲ ಒರೆಸುವ ಕೋಲನ್ನು ಗೋಡೆಗೆ ಒರಗಿಸಿದಳು. "ನಾನು ಸರ್ಕಾರಿ ನೌಕರಳಾ ಸ್ವಾಮಿ?"

"ಮತ್ತಿನ್ನೇನು, ಮಹಾರಾಣಿನಾ?"

"ಅಲ್ಲ, ಆಸಿಡ್ ಬಿದ್ದು ಕಾಲು ಸುಟ್ಟಾಗ ಔಷಧಿ ಖರ್ಚು ಕೇಳಿದ್ರೆ, ನೀನು ಕಂಟ್ರಾಕ್ಟರ್ ಆಳು, ಆಚೆ ಹೋಗು ಅಂದ್ರಿ. ಯಾವಾಗ ಪ್ರಮೋಷನ್ ಆಯ್ತು? ಒಂದು ಮಾತು ಹೇಳ್ಬಾರ್ದಾ, ನನ್ನ ಗಂಡ ಕುಣಿದಾಡ್ತಿದ್ದ!"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸಾಹೇಬರಿಗೆ ಮೈಯೆಲ್ಲ ಉರಿಯಿತು. "ಏಯ್ ಗುಮಾಸ್ತ, ಇವಳಿಗೊಂದು ನೋಟಿಸ್ ಬರಿಯಯ್ಯಾ!"

"ಕೊಡಿ ಸ್ವಾಮಿ, ಕೊಡಿ! ಹೆಸರಿನ ಕೆಳಗೆ ನೌಕರಳು ಅಂತ ದಪ್ಪಕ್ಷರದಲ್ಲಿ ಬರೀರಿ. ಸೀಲೂ ಒತ್ತಿ. ಕಟ್ಟು ಹಾಕಿಸಿ ಗೋಡೆಗೆ ನೇತುಹಾಕ್ತೀನಿ!" ಅವಳು ಕೈ ಒರೆಸಿಕೊಂಡು ಎರಡೂ ಕೈ ಚಾಚಿದಳು.

ಪೆನ್ನು ತೆಗೆದಿದ್ದ ಗುಮಾಸ್ತ ಸಾಹೇಬರ ಕಿವಿಗೆ ಬಾಗಿದ. "ಸಾರ್, ನೋಟಿಸ್ ಕೊಟ್ರೆ ಇವಳು ನಮ್ಮ ನೌಕರಳು ಅಂತ ನಾವೇ ಒಪ್ಕೊಂಡ ಹಾಗೆ. ನಾಳೆ ಕಸದವರೆಲ್ಲ ಪರ್ಮನೆಂಟ್ ಮಾಡಿ ಅಂತ ಬಂದು ಕೂರ್ತಾರೆ."

ಸಾಹೇಬರಿಗೆ ಬೇರೆ ದಾರಿ ಹೊಳೆಯಿತು. "ಕಂಟ್ರಾಕ್ಟರ್‌ಗೆ ಫೋನ್ ಮಾಡು. ಈ ಮುಂಡೆ ನಾಳೆಯಿಂದ ಬೇಡ ಅನ್ನು."

ಕೂಲಿ ಹೋದರೆ ಗಂಟಲಮ್ಮನ ಮನೆಯಲ್ಲಿ ಒಲೆ ಹೊತ್ತುವುದು ಕಷ್ಟ. ಅಳುವೂ ಬಂತು, ಇವನ ಮುಂದೆ ಅತ್ತರೆ ತಾನು ಮನುಷ್ಯಳೇ ಅಲ್ಲ ಎಂದುಕೊಂಡು ನುಂಗಿದಳು. ಕಂಟ್ರಾಕ್ಟರ್ ಕೊಟ್ಟಿದ್ದ ನೀಲಿ ಕೋಟನ್ನು ಬಿಚ್ಚಿ, ಕೋಣೆಯೊಳಕ್ಕೆ ನುಗ್ಗಿ, ಒದ್ದೆಮುದ್ದೆಯಾಗಿದ್ದ ಅದನ್ನು ಸಾಹೇಬರ ಮೇಜಿನ ಮೇಲೆ, ಆದೇಶದ ಕಾಗದದ ಮೇಲೆಯೇ ಹರಡಿದಳು.

"ನಾಳೆ ತನಕ ಯಾಕೆ ಸ್ವಾಮಿ, ಈಗ್ಲೇ ಬಿಟ್ಟೆ. ಈಗ ನಾನು ನಿಮ್ಮ ಆಳೂ ಅಲ್ಲ, ಅವನ ಆಳೂ ಅಲ್ಲ. ಯಾವ ಆರ್ಡರ್ ತರ್ತೀರೋ ತನ್ನಿ!"

ಸಾಲಿನ ಕಡೆ ತಿರುಗಿ ಗಂಟಲು ಬಿಚ್ಚಿದಳು. "ಕಾರ್ಡು ನಾಳೇನೂ ಕೊಡ್ತಾರೆ, ಹೆಸ್ರು ಸೇರ್ಸೋಕೆ ಇವತ್ತೇ ಕೊನೆ ಕಣ್ರೋ! ನಡೀರಿ ಶಾಲೆಗೆ!"

ಮೊದಲು ನಾದಿನಿ ಹೊರಟಳು. ಅವಳ ಬೆನ್ನಿಗೆ ಸಾಲಿಗೆ ಸಾಲೇ ಕದಲಿತು. ಯಾರ ಕಾಲು ತಾಗಿತೋ, ಬಕೆಟ್ಟು ಮಗುಚಿ ಕೊಳೆನೀರು ಸಾಹೇಬರ ಕೋಣೆಯೊಳಕ್ಕೆ ಹರಿಯಿತು.

"ಏಯ್! ಇದನ್ನ ಯಾರೇ ಒರೆಸೋದು?"

ಅಷ್ಟರಲ್ಲಿ ಗಂಟಲಮ್ಮ ಬೀದಿ ದಾಟಿಯಾಗಿತ್ತು. ಅಲ್ಲಿಂದಲೇ ಉತ್ತರ ಬಂತು.

"ಸರ್ಕಾರಿ ನೌಕರರಿಗೆ ಹೇಳಿ ಸ್ವಾಮಿ!"