ಎಡತೋಳಿನ ಗುಂಡಿ

ಅಪ್ಪನ ಅಂಗಿಯ ಬಲತೋಳಿನ ಗುಂಡಿ ಹಾಕಿ ಮುಗಿಸಿ ಮಗಳು ಎಡತೋಳಿಗೆ ಬಂದಳು. ಆ ಕಾಜ ಸಡಿಲವಾಗಿತ್ತು. ಹಾಕಿದಷ್ಟೂ ಗುಂಡಿ ಜಾರುತ್ತಿತ್ತು. ಕಂಡವರ ಹೊಲಿಗೆ ಯಂತ್ರಗಳನ್ನೆಲ್ಲ ರಿಪೇರಿ ಮಾಡಿಕೊಟ್ಟ ಮನುಷ್ಯನಿಗೆ ತನ್ನ ಅಂಗಿಯ ಕಾಜ ಬಿಗಿ ಮಾಡಿಕೊಳ್ಳಲು ಮಾತ್ರ ಪುರುಸೊತ್ತಾಗಿರಲಿಲ್ಲ. ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

ಚಿಕ್ಕಪ್ಪ ಬಾಗಿಲ ಬಳಿ ನಿಂತು ವ್ಯಾನ್ ಬಂದಿದೆ ಎಂದ. ಅಮ್ಮನನ್ನು ಒಳಕೋಣೆಯಲ್ಲೇ ಇರಿಸೋಣ ಎಂಬುದು ಅವನ ವಾದ. ಬೆಳಗಿನಿಂದ ಎರಡು ಬಾರಿ ಅವಳಿಗೆ ಸುದ್ದಿ ತಿಳಿಸಿದ್ದರು. ಎರಡು ಬಾರಿಯೂ ಬಿಕ್ಕಿ ಬಿಕ್ಕಿ ಅತ್ತು, ಸ್ವಲ್ಪ ಹೊತ್ತಿಗೆ ಮರೆತು, ಅವರು ಅಂಗಡಿಯಿಂದ ಬಂದರಾ ಎಂದು ಕೇಳಿದ್ದಳು.

"ಪ್ರತಿಸಲ ಹೇಳಿದಾಗ್ಲೂ ಅತ್ತಿಗೆ ಪಾಲಿಗೆ ಅಣ್ಣ ಹೊಸದಾಗಿ ಸಾಯ್ತಾನೆ. ಸಾಕು ಬಿಡಮ್ಮ."

"ಅಮ್ಮ ಒಂದ್ಸಲ ಕಳಿಸಿಕೊಡ್ಲಿ ಚಿಕ್ಕಪ್ಪ. ಇಲ್ದಿದ್ರೆ ದಿನಾ ಸಂಜೆ ಬಾಗಿಲಲ್ಲಿ ಕಾಯ್ತಾಳೆ."

ಹೇಗಿದ್ದರೂ ಕಾಯುವುದು ತಪ್ಪುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಇಷ್ಟು ವರ್ಷ ಸಂಸಾರ ಮಾಡಿದವಳು ಬೀಳ್ಕೊಡದೆ ಅಪ್ಪ ಹೊಸ್ತಿಲು ದಾಟುವುದಕ್ಕೆ ಮಗಳ ಮನಸ್ಸು ಒಪ್ಪಲಿಲ್ಲ.

*

ಅಜ್ಜಿ ಹೆತ್ತ ಮಗಳನ್ನೇ ಮರೆತು ತೀರಿಕೊಂಡ ಮೇಲೆ ಅಮ್ಮ ದೊಡ್ಡಾಸ್ಪತ್ರೆಯ ಸಂಶೋಧನೆಗೆ ಹೆಸರು ಕೊಟ್ಟಿದ್ದಳು. ಮರೆವು ಶುರುವಾಗುವ ಎಷ್ಟೋ ವರ್ಷ ಮೊದಲೇ ಅದರ ಗುರುತು ರಕ್ತದಲ್ಲಿ ಸಿಗುತ್ತದೆಯೇ ಎಂದು ಅಲ್ಲಿ ಹುಡುಕುತ್ತಿದ್ದರು. ಅದಕ್ಕೆ ಇನ್ನೂ ಚೆನ್ನಾಗಿರುವವರ ರಕ್ತ ವರ್ಷವರ್ಷವೂ ಬೇಕಿತ್ತು. ಹೋಲಿಸಿ ನೋಡಲು ಮನೆತನದಲ್ಲಿ ಆ ಕಾಯಿಲೆ ಇಲ್ಲದವರೂ ಬೇಕೆಂದಾಗ ಅಪ್ಪ ಎದೆಯುಬ್ಬಿಸಿ ಮುಂದೆ ಬಂದ. ದಿನವಿಡೀ ಸೂಜಿಗಳ ನಡುವೆ ಬದುಕುವ ಈ ವೀರ ಸಿರಿಂಜ್ ಕಂಡದ್ದೇ ಕುರ್ಚಿಯಿಂದ ಜಾರಿ ಬಿದ್ದ.

ಮರುವರ್ಷದಿಂದ ಅಮ್ಮನೇ ಅವನ ಅಂಗಿಯ ಎಡತೋಳು ಮಡಚಿ, ಅಂಗೈಯಿಂದ ಕಣ್ಣು ಮುಚ್ಚಿ ನಿಲ್ಲತೊಡಗಿದಳು. ಆಮೇಲೆ ಹತ್ತಿ ಒತ್ತಿ ಹಿಡಿಯುವುದೂ ಅವಳದೇ ಕೆಲಸ. ರಕ್ತ ನಿಂತಿದೆ ಎಂದು ಸಿಸ್ಟರ್ ಹೇಳಿದರೂ ನಂಬುತ್ತಿರಲಿಲ್ಲ.

ಗುರುತು ಕಂಡರೆ ತಿಳಿಸಬೇಕೇ ಎಂದು ಡಾಕ್ಟರು ಮೊದಲೇ ಕೇಳಿದ್ದರು, ತಿಳಿಸಿ ಎಂದಿದ್ದಳು. ಒಂದು ವರ್ಷ ಅದು ಅವಳ ರಕ್ತದಲ್ಲಿ ಕಂಡೇಬಿಟ್ಟಿತು. ಆಗಿನ್ನೂ ಅವಳು ಒಂದು ಬೀಗದಕೈಯನ್ನೂ ಮರೆತವಳಲ್ಲ. ಅಪ್ಪ ಆ ವಾರದಿಂದಲೇ ಅಂಗಡಿಯನ್ನು ಮಧ್ಯಾಹ್ನಕ್ಕೇ ಮುಚ್ಚತೊಡಗಿದ. ಅಡುಗೆ ಕಲಿತ, ಅವಳ ಜಡೆ ಹೆಣೆಯುವುದನ್ನು ಕಲಿತ. ವಾಸಿಯಾಗದ ಕಾಯಿಲೆ ಮುಂಚೆಯೇ ತಿಳಿದು ಏನು ಬಂತು ಎಂದು ಮಗಳು ಸಿಡುಕಿದಾಗ ಅವನು ಹೇಳಿದ್ದು ಇಷ್ಟೇ:

"ಅವಳಿಗೆ ನೆನಪಿರೋವಾಗ್ಲೇ ಅವಳ ಹತ್ರ ಇರ್ಬೋದಲ್ಲ."

*

ರಕ್ತ ತೆಗೆಯುತ್ತಿದ್ದ ಆ ಸಿಸ್ಟರ್ ಡ್ಯೂಟಿಯಿಂದ ನೇರವಾಗಿ, ಬಿಳಿ ಕೋಟಿನಲ್ಲೇ ಬಂದಳು. ಮಗಳು ಆಗಷ್ಟೇ ಅಮ್ಮನ ಕೈ ಹಿಡಿದು ನಡುಮನೆಗೆ ಕರೆತಂದಿದ್ದಳು. ಚಿಕ್ಕಪ್ಪ ಮುಖ ತಿರುಗಿಸಿದ. ಅಮ್ಮ ನೆರೆದವರನ್ನು ನೋಡಿದಳು, ಮಲಗಿದ್ದ ಗಂಡನನ್ನೂ ನೋಡಿದಳು. ಇಷ್ಟು ಹೊತ್ತಾದರೂ ಮಲಗಿದ್ದಾರಲ್ಲ, ಯಾರಿವರು ಎಂದು ವಿಚಾರಿಸಿದಳು. ಚಿಕ್ಕಪ್ಪನ ಮಾತು ಕೇಳಬೇಕಿತ್ತು ಎಂದು ಮಗಳಿಗೆ ಅನ್ನಿಸಿತು.

ಅಷ್ಟರಲ್ಲಿ ಅಮ್ಮನ ಕಣ್ಣು ಬಿಳಿ ಕೋಟಿನ ಮೇಲೆ ನಿಂತಿತು.

"ಬಂದ್ರಾ ಸಿಸ್ಟರ್? ಇವರದ್ದು ಮೊದಲು ತಗೊಂಡ್ಬಿಡಿ. ಕಾದಷ್ಟೂ ಹೆದರ್ತಾರೆ."

ಗಂಡನ ಪಕ್ಕ ಕೂತು ಎಡತೋಳಿನ ಗುಂಡಿಗೆ ಕೈ ಹಾಕಿದಳು. ಮುಟ್ಟಿದ್ದೇ ತಡ, ಅದು ಬಿಚ್ಚಿಕೊಂಡಿತು. ತೋಳನ್ನು ಮೊಣಕೈವರೆಗೆ ಅಚ್ಚುಕಟ್ಟಾಗಿ ಮಡಚಿ, ಮುಚ್ಚಿದ್ದ ಕಣ್ಣುಗಳ ಮೇಲೆ ಅಂಗೈ ಇಟ್ಟಳು.

"ಕೈಯೆಲ್ಲಾ ತಣ್ಣಗಾಗ್ಬಿಟ್ಟಿದೆ. ಹೆದರ್ಬೇಡಿ ರೀ, ನಾನಿಲ್ಲೇ ಇದೀನಿ. ಇಷ್ಟೇ, ಮುಗೀತು."

ಸಿಸ್ಟರ್ ಮಗಳತ್ತ ನೋಡಿದಳು. ಮಗಳು ತಲೆಯಾಡಿಸಿದಳು. ಸಿಸ್ಟರ್ ಮಂಡಿಯೂರಿ, ಕೋಟಿನ ಜೇಬಿನಿಂದ ಒಂದು ಚೂರು ಹತ್ತಿ ತೆಗೆದು ಮೊಣಕೈಯ ಮಡಿಕೆಯಲ್ಲಿಟ್ಟಳು.

"ಆಯ್ತಮ್ಮ. ಒತ್ತಿ ಹಿಡ್ಕೊಳ್ಳಿ."

ಅಮ್ಮ ಹೆಬ್ಬೆರಳಿನಿಂದ ಹತ್ತಿಯನ್ನು ಒತ್ತಿ ಹಿಡಿದಳು. ಚಿಕ್ಕಪ್ಪ ಮೆಲ್ಲನೆ ಹೊರಗೆ ಹೋಗಿ, ಇಂಜಿನ್ ಆರಿಸುವಂತೆ ವ್ಯಾನಿನವನಿಗೆ ಹೇಳಿದ.