ಇಪ್ಪತ್ತೈದಕ್ಕೆ ಒಂಬತ್ತು

ಹಲಗೆಯ ಮೇಲೆ ಮಗಳ ಹೆಸರನ್ನು ಮೊದಲ ಸಲ ಬರೆಸಿದ್ದು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಗಂಡನನ್ನು ಬೈಯಲು ನನಗೆ ಸಲೀಸಾಗುತ್ತದೆ.

ನಾಶಿಕದ ಪೇಟೆಯಲ್ಲಿ ನಮ್ಮದೊಂದು ಹೋಟೆಲು. ಕೆಳಗೆ ಹೋಟೆಲು, ಮೇಲೆ ನಾವು ಮೂವರು ಇರುವ ಎರಡು ಕೋಣೆ. ಬೇರೆ ಉಡುಪಿ ಹೋಟೆಲುಗಳಂತೆ ನಮ್ಮ ಬಾಗಿಲಲ್ಲೂ ಒಂದು ಕರಿಹಲಗೆ. ನನ್ನ ಗಂಡ ಭುಜಂಗ ದಿನಾ ಬೆಳಿಗ್ಗೆ ಸ್ನಾನ ಮಾಡಿ, ದೇವರಿಗೆ ಕೈಮುಗಿದು, ಅದರ ಮೇಲೆ ಸೀಮೆಸುಣ್ಣದಲ್ಲಿ ಮರಾಠಿಯಲ್ಲಿ ಆ ದಿನದ ವಿಶೇಷ ಬರೆಯುತ್ತಿದ್ದರು. ಸೋಮವಾರ ಸಾಬುದಾಣೆ ಖಿಚಡಿ, ಗುರುವಾರ ಶಿರಾ, ಹೀಗೆ. ಅವರ ಅಕ್ಷರ ಬಹಳ ಚೆಂದ. ಓದಿದ್ದು ಐದನೇ ಕ್ಲಾಸು, ಆದರೆ ಬರೆದರೆ ಅಚ್ಚು ಹಾಕಿದ ಹಾಗೆ.

ಹರಿಣಾಕ್ಷಿ ಮುನ್ಸಿಪಾಲಿಟಿ ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೆ ಮೊದಲು ಬಂದಾಗ ನಾನು ಅಡುಗೆಮನೆಯಿಂದ ಓಡಿ ಬಂದು ಗಂಡನ ಕೈಗೆ ಸೀಮೆಸುಣ್ಣ ಕೊಟ್ಟೆ. "ಇದನ್ನೂ ಬರೀರಿ, ನಮ್ಮ ಇವತ್ತಿನ ವಿಶೇಷ ಇದೇ" ಎಂದೆ. ಬರೆದರು. ಗಿರಾಕಿಗಳು ಓದಿದರು, ಮಗಳ ತಲೆ ಸವರಿದರು, ಈರುಳ್ಳಿ ಲಾರಿಯ ಜೊತೆ ಬರುವ ಚಾಂದವಡದ ವ್ಯಾಪಾರಿಯೊಬ್ಬರು ಅವಳಿಗೆ ಪೆನ್ನು ತಂದುಕೊಟ್ಟರು. ಅಲ್ಲಿಂದ ಏಳನೇ ಕ್ಲಾಸಿನವರೆಗೂ ಹಲಗೆಯ ಕೊನೆಯ ಗೆರೆ ಅವಳದಾಯಿತು. ನನಗೆ ಎಷ್ಟು ಹೆಮ್ಮೆ ಎಂದರೆ, ತರಕಾರಿಯವಳು ಬಂದರೂ ಮೊದಲು ಹಲಗೆಯತ್ತ ಕೈ ತೋರಿಸುತ್ತಿದ್ದೆ.

ಅರವತ್ತೇಳನೇ ಇಸವಿಯ ಜೂನಿನಲ್ಲಿ ಅವಳನ್ನು ಹೈಸ್ಕೂಲಿಗೆ ಹಾಕಿದೆವು. ಒಳ್ಳೆಯ ಶಾಲೆ, ಹುಡುಗಿಯರದು. ಅಲ್ಲಿ ಒಬ್ಬರೇ ಗುರುಗಳಲ್ಲ, ಗಂಟೆಗೊಬ್ಬರು. ಬೀಜಗಣಿತ, ರೇಖಾಗಣಿತ ಬೇರೆ ಬೇರೆ. ಸಂಸ್ಕೃತ ಹೊಸತು. ಇಂಗ್ಲಿಷಂತೂ ಮುನ್ಸಿಪಾಲಿಟಿ ಶಾಲೆಯಲ್ಲಿ ಅಕ್ಷರ ಗುರುತಿಸುವಷ್ಟೇ ಆಗಿತ್ತು. ಇಲ್ಲಿ ಪ್ರಬಂಧ ಬರೆಯಬೇಕು. ಪಕ್ಕದಲ್ಲಿ ಕೂತ ಹುಡುಗಿಯರ ಅಪ್ಪಂದಿರು ವಕೀಲರು, ಡಾಕ್ಟರರು. ನಮ್ಮವಳ ಅಪ್ಪ ದೋಸೆ ಕಾವಲಿಗೆ ನೀರು ಹೊಡೆಯುವವರು, ಅವಳ ಅಮ್ಮ ಉದ್ದು ಅರೆಯುವವಳು. ಮನೆಯಲ್ಲಿ ಕೇಳೋಣವೆಂದರೆ ಯಾರನ್ನು ಕೇಳುವುದು?

ಶನಿವಾರ ಶನಿವಾರ ಇಪ್ಪತ್ತೈದು ಅಂಕದ ಪರೀಕ್ಷೆ. ಮೊದಲ ಸಲ ಲೆಕ್ಕದಲ್ಲಿ ಒಂಬತ್ತು ಬಂತು.

ಮಗಳು ಹೆದರಿ ಹೆದರಿ ಪೇಪರು ತೋರಿಸಿದಳು. ಭುಜಂಗರು ಅಂಕ ನೋಡಿ ಪೇಪರು ವಾಪಸು ಕೊಟ್ಟರು. ಆಮೇಲೆ ಎದ್ದು ಹೋಗಿ ಹಲಗೆಯ ಮೇಲೆ, ಬಟಾಟೆ ವಡೆಯ ಕೆಳಗೆ, ತಮ್ಮ ಚೆಂದದ ಅಕ್ಷರದಲ್ಲಿ ಬರೆದರು: ಹರಿಣಾಕ್ಷಿ, ಗಣಿತ, ಇಪ್ಪತ್ತೈದಕ್ಕೆ ಒಂಬತ್ತು.

"ಎಂತ ಮಾಡ್ತಿದ್ದೀರಿ?" ಎಂದೆ.

"ಫಸ್ಟ್ ಬಂದಾಗ ಬರೀಲಿಲ್ವಾ? ಈಗಲೂ ಬರೀತೇನೆ. ನಾಲ್ಕು ಜನ ನೋಡಿದ್ರೆ ನಾಚಿಗೆ ಆಗ್ತದೆ. ನಾಚಿಗೆ ಆದ್ರೆ ಓದ್ತಾಳೆ. ಮುಂದಿನ ಶನಿವಾರದವರೆಗೆ ಯಾರೂ ಒರೆಸ್ಬಾರ್ದು, ಹೇಳಿದ್ದೇನೆ."

ನಾನು ಸುಮ್ಮನಾದೆ. ಇವತ್ತಿಗೂ ಆ ಸುಮ್ಮನಿದ್ದದ್ದಕ್ಕೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ. ಒಂದು ವಾರ ತಾನೇ, ಅವಳೂ ಹಟದಿಂದ ಓದಿಯಾಳು ಎಂದುಕೊಂಡೆ. ಮುಂದಿನ ವಾರ ಏಳು ಬಂತು. ಅದರ ಮುಂದಿನ ವಾರ ನಾಲ್ಕು.

ಮನೆಯ ಮೆಟ್ಟಿಲು ಇಳಿಯುವುದು ಹಲಗೆಯ ಪಕ್ಕಕ್ಕೇ. ದಿನಾ ಬೆಳಿಗ್ಗೆ ಅವಳು ಚೀಲ ಎದೆಗೊತ್ತಿಕೊಂಡು, ಗೋಡೆಯ ಕಡೆ ಮುಖ ಮಾಡಿ ಇಳಿಯುತ್ತಿದ್ದಳು. ಗಿರಾಕಿಗಳಿಗೋ ಚಹಾದ ಜೊತೆ ಅದೊಂದು ಮಾತು. "ಕಾಯ್ ಅಣ್ಣಾ, ಪೋರಗೀ ನಾಪಾಸ್?" ಏನಣ್ಣ, ಹುಡುಗಿ ಫೇಲಾ ಎಂದು ನಗುತ್ತಿದ್ದರು. ಕಳೆದ ವರ್ಷ ತಲೆ ಸವರಿದ ಕೈಗಳೇ ಈಗ ಹಲಗೆಯನ್ನು ತೋರಿಸುತ್ತಿದ್ದವು. ಅದೇ ದಾರಿಯಲ್ಲಿ ಶಾಲೆಗೆ ಹೋಗುವ ಹುಡುಗಿಯರೂ ಓದಿಕೊಂಡರು. ಕ್ಲಾಸಿನಲ್ಲಿ ಅವಳಿಗೆ "ಆಜ್‌ಚಾ ಸ್ಪೆಶಲ್", ಇವತ್ತಿನ ವಿಶೇಷ, ಎಂದು ಹೆಸರು ಬಿತ್ತು. ಇದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಶನಿವಾರ ಬೆಳಿಗ್ಗೆ ವಾಂತಿ ಶುರುವಾಯಿತು. ನಾನು ಪಿತ್ತ ಎಂದುಕೊಂಡು ಜೀರಿಗೆ ಕಷಾಯ ಕೊಟ್ಟೆ. ಬಾಚುವಾಗ ನೋಡಿದರೆ ಕಿವಿಯ ಹಿಂದೆ ಕೂದಲಿಲ್ಲ. ಓದುತ್ತ ಓದುತ್ತ ಒಂದೊಂದೇ ಕಿತ್ತಿದ್ದಾಳೆ. ನಾನು ಕೊಬ್ಬರಿ ಎಣ್ಣೆ ಹಚ್ಚಿದೆ. ಇಂಥ ಜಾಣ ತಾಯಿ ನಾನು.

ಐದನೇ ಶನಿವಾರ ಸೊನ್ನೆ ಬಂತು, ಆರನೆಯದಕ್ಕೂ ಸೊನ್ನೆ. ಭುಜಂಗರು ಸೊನ್ನೆಯನ್ನೂ ಬರೆದರು. ಅದೇ ವಾರ ಔರಂಗಾಬಾದಿನಿಂದ ನನ್ನ ಮೈದುನ ಜಯಕರ ಬಂದ. ಅವನದೂ ಅಲ್ಲಿ ಹೋಟೆಲು. ಅವನ ಹೆಂಡತಿ ರಾಜೀವಿಗೆ ಎರಡನೇ ಬಸಿರು, ಮನೆಯಲ್ಲಿ ಕೈಯಾಸರೆಗೆ ಜನ ಬೇಕಿತ್ತು. ಬಾಗಿಲಲ್ಲೇ ಹಲಗೆ ಓದಿಕೊಂಡು ಒಳಗೆ ಬಂದ.

"ಅತ್ತಿಗೆ, ಇವಳಿಗೆ ವಿದ್ಯೆ ಹತ್ತುದಿಲ್ಲ. ಸುಮ್ಮನೆ ಯಾಕೆ ಹಿಂಸೆ? ನಮ್ಮಲ್ಲಿಗೆ ಕಳ್ಸಿ. ರಾಜೀವಿಗೂ ಆಯ್ತು, ಇವಳೂ ಮನೆಕೆಲಸ ಕಲಿತಾಳೆ. ಎರಡು ವರ್ಷ ಕಳೆದ್ರೆ ಗಂಡು ನೋಡುವ."

"ಅವಳಿಗಿನ್ನೂ ಹದಿಮೂರು" ಎಂದೆ.

ಭುಜಂಗರು ನನ್ನ ಕಡೆ ನೋಡಲೇ ಇಲ್ಲ. "ದೀಪಾವಳಿವರೆಗೆ ನೋಡುವ. ಒಂದು ಸಲವಾದ್ರೂ ಪಾಸಾಗದಿದ್ರೆ ಕರ್ಕೊಂಡು ಹೋಗು" ಎಂದು ತಮ್ಮನಿಗೆ ಮಾತು ಕೊಟ್ಟುಬಿಟ್ಟರು. ಮಗಳು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡಳು. ರಾತ್ರಿ ಊಟಕ್ಕೆ ಕರೆದರೆ, "ಅಮ್ಮ, ಮಲಾ ನಕೋ. ಶಾಳಾ ಪಣ ನಕೋ. ಚಿಕ್ಕಪ್ಪನ ಮನೆಗೇ ಹೋಗ್ತೇನೆ" ಎಂದಳು. ಊಟ ಬೇಡ, ಶಾಲೆಯೂ ಬೇಡ. ಎಲ್ಲದಕ್ಕೂ ಮೊದಲು ಕೈ ಎತ್ತುತ್ತಿದ್ದ ಹುಡುಗಿಯ ಬಾಯಲ್ಲಿ ಈ ಮಾತು.

ಮಾರನೆಯ ದಿನ ನಾನು ಸೆರಗು ಸರಿಮಾಡಿಕೊಂಡು ನೇರ ಶಾಲೆಗೆ ಹೋದೆ. ಅವಳ ಕ್ಲಾಸಿನ ಶಾಂತಾಬಾಯಿ ಟೀಚರನ್ನು ಕಂಡೆ. ಸಣ್ಣ ಆಳು, ಕನ್ನಡಕ, ಮಾತು ಮಾತ್ರ ಚಾಟಿ. ನಾನು ನನ್ನ ಹರಕು ಮರಾಠಿಯಲ್ಲಿ ಶುರುಮಾಡುವ ಮೊದಲೇ ಅವರು ಆರು ಪೇಪರು ತಂದು ಮುಂದಿಟ್ಟರು. ಕೊನೆಯ ಎರಡರಲ್ಲಿ ಹೆಸರು ಬಿಟ್ಟರೆ ಒಂದು ಅಕ್ಷರವಿಲ್ಲ.

"ನಿಮ್ಮ ಮಗಳಿಗೆ ಲೆಕ್ಕ ಬರುವುದಿಲ್ಲ ಅಂತ ಯಾರು ಹೇಳಿದರು?" ಎಂದು ಕೇಳಿದರು. "ಬೋರ್ಡಿಗೆ ಕರೆದರೆ ನಿಧಾನವಾಗಿ ಬಿಡಿಸುತ್ತಾಳೆ. ಪರೀಕ್ಷೆಯಲ್ಲಿ ಖಾಲಿ ಕೊಡುತ್ತಾಳೆ. ಯಾಕೆ ಅಂತ ಕೇಳಿದೆ. ಬರೆದು ಕಡಿಮೆ ಬಂದರೆ ದಡ್ಡಿ ಅಂತಾರೆ, ಬರೆಯದೆ ಸೊನ್ನೆ ಬಂದರೆ ಹಟಮಾರಿ ಅಂತಾರೆ, ಹಟಮಾರಿ ಅನ್ನಿಸಿಕೊಳ್ಳುವುದೇ ವಾಸಿ ಅಂದಳು. ನಿಮ್ಮ ಹೋಟೆಲಿನ ಮುಂದೆ ನಾನೂ ಓಡಾಡುತ್ತೇನೆ, ತಾಯಿ. ಆ ಹಲಗೆಯನ್ನು ನಾನೂ ಓದಿದ್ದೇನೆ. ನೀವು ಹೋಟೆಲು ನಡೆಸುತ್ತೀರೋ, ಮಗಳನ್ನು ಮಾರಾಟಕ್ಕೆ ಇಟ್ಟಿದ್ದೀರೋ?"

ನಾನು ತಲೆ ತಗ್ಗಿಸಿದೆ. ಆಮೇಲೆ, ಏನು ಮಾಡಲಿ ಎಂದು ಕೇಳಿದೆ.

"ಸಂಜೆ ಒಂದು ಗಂಟೆ ಪಕ್ಕದಲ್ಲಿ ಕೂತುಕೊಳ್ಳಿ. ನಿಮಗೆ ಲೆಕ್ಕ ಬರಬೇಕಾಗಿಲ್ಲ. ದಿನಕ್ಕೆ ಎರಡೇ ಲೆಕ್ಕ ಮಾಡಿಸಿ, ಮೂರನೆಯದು ಬೇಡ. ಒಂಬತ್ತಕ್ಕೆ ಮಲಗಿಸಿ. ಶನಿವಾರ ಇಡೀ ಪೇಪರು ಬರೀ ಅನ್ನಬೇಡಿ. ಬರುವ ಎರಡು ಲೆಕ್ಕ ಬರೆದು ಎದ್ದು ಬಾ ಅನ್ನಿ. ಸೊನ್ನೆ ಬಂದರೂ ಮನೆಯಲ್ಲಿ ಊಟ ಉಂಟು ಅಂತ ಅವಳಿಗೆ ಗೊತ್ತಾಗಲಿ. ಎಂಟನೇ ಕ್ಲಾಸಿಗೆ ಬಂದ ಅರ್ಧ ಮಕ್ಕಳು ಮೊದಲ ಆರು ತಿಂಗಳು ಹೀಗೇ ಮುಗ್ಗರಿಸುತ್ತಾರೆ. ಉಳಿದವರ ಮನೆ ಬಾಗಿಲಲ್ಲಿ ಹಲಗೆ ಇಲ್ಲ, ಅಷ್ಟೇ."

ಅವತ್ತಿನಿಂದ ಸಂಜೆ ಐದರಿಂದ ಆರು ಅರೆಯುವ ಕಲ್ಲು ಬಿಟ್ಟು ಅವಳ ಪಕ್ಕ ಕೂತೆ. ನನಗೆ ಅವಳ ಲೆಕ್ಕದ ತಲೆಬುಡ ತಿಳಿಯುತ್ತಿರಲಿಲ್ಲ. ಅವಳೇ ನನಗೆ ಬಿಡಿಸಿ ಹೇಳುತ್ತಿದ್ದಳು. ಎರಡು ಲೆಕ್ಕ ಆದೊಡನೆ ಪುಸ್ತಕ ಮುಚ್ಚುತ್ತಿದ್ದೆ. ನಾಲ್ಕೈದು ದಿನದಲ್ಲಿ ಕೂದಲು ಕೀಳುವುದು ಕಡಿಮೆಯಾಯಿತು. ಗಂಡನಿಗೆ ಟೀಚರು ಹೇಳಿದ್ದೆಲ್ಲ ಹೇಳಿದೆ.

"ಟೀಚರಿಗೆ ಎಂತ, ಸಂಬಳ ಬರ್ತದೆ" ಎಂದರು. "ನಾನು ಏಟು ತಿಂದು ಕಲ್ತವ. ಹಲಗೆ ನನ್ನದು."

ಬೇಡಿಕೊಂಡೆ, ಕಣ್ಣೀರು ಹಾಕಿದೆ, ಎರಡು ದಿನ ಮಾತು ಬಿಟ್ಟೆ. ಏನೂ ಆಗಲಿಲ್ಲ. ಮುಂದಿನ ಶನಿವಾರ ಮಗಳು ಮತ್ತೆ ವಾಂತಿ ಮಾಡಿದಳು. ಬಾಯಿ ತೊಳೆಸಿ, "ಎರಡೇ ಲೆಕ್ಕ, ಬರೆದು ಬಾ" ಎಂದೆ. ಅವಳು ಮೆಟ್ಟಿಲಿಳಿದು, ತನ್ನ ಸೊನ್ನೆಯ ಪಕ್ಕದಲ್ಲೇ ಹಾದು, ಗೋಡೆ ನೋಡುತ್ತ ಹೋದಳು. ನನ್ನ ತಲೆಯಲ್ಲಿ ಏನೋ ಹೊತ್ತಿಕೊಂಡಿತು.

ಭುಜಂಗರು ತರಕಾರಿಗೆ ಮಾರ್ಕೆಟ್ಟಿಗೆ ಹೋಗಿದ್ದರು. ನಾನು ಒದ್ದೆ ಬಟ್ಟೆ ತಂದು ಹಲಗೆ ಪೂರಾ ಒರೆಸಿದೆ. ಸೀಮೆಸುಣ್ಣ ಹಿಡಿದು, ನನ್ನ ಸೊಟ್ಟ ಮರಾಠಿ ಅಕ್ಷರದಲ್ಲಿ ಬರೆದೆ. ಇಡ್ಲಿ: ಇಪ್ಪತ್ತೈದಕ್ಕೆ ಹತ್ತು, ಹಿಟ್ಟು ಮೊನ್ನೆಯದು. ಸಾಂಬಾರು: ಇಪ್ಪತ್ತೈದಕ್ಕೆ ಏಳು, ಬೇಳೆಗಿಂತ ನೀರು ಹೆಚ್ಚು. ಚಹಾ: ಇಪ್ಪತ್ತೈದಕ್ಕೆ ನಾಲ್ಕು, ಅದೇ ಪುಡಿ ಎರಡನೇ ಸಲ ಕುದಿಸಿದ್ದು. ಮಾಲೀಕರು, ಭುಜಂಗ ಶೆಟ್ಟಿ: ನಾಪಾಸು.

ಒಂದು ಮಾತೂ ಸುಳ್ಳಲ್ಲ. ಅಡುಗೆಮನೆಯಲ್ಲಿ ಇರುವವಳು ನಾನಲ್ಲವೇ?

ಗಂಡ ಚೀಲ ಹೊತ್ತು ಬರುವಾಗ ಬಾಗಿಲಲ್ಲಿ ಹತ್ತು ಹದಿನೈದು ಜನ ನಿಂತು ಗಟ್ಟಿಯಾಗಿ ಓದುತ್ತ ನಗುತ್ತಿದ್ದರು. ಒಬ್ಬ, ಕುಡಿಯುತ್ತಿದ್ದ ಚಹಾದ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಭುಜಂಗರು ಓದಿದರು. ಒರೆಸಲು ಕೈ ಎತ್ತಿದರು. ನಾನು ಹಲಗೆಗೆ ಅಡ್ಡ ನಿಂತೆ.

"ಮುಂದಿನ ಶನಿವಾರದವರೆಗೆ ಯಾರೂ ಒರೆಸ್ಬಾರ್ದು. ನೀವೇ ಹೇಳಿದ್ದು."

"ಕುಸುಮಾ, ಜನ ನೋಡ್ತಿದ್ದಾರೆ. ನಿನಗೆ ಹುಚ್ಚಾ?"

"ನೋಡ್ಲಿ. ನಾಲ್ಕು ಜನ ನೋಡಿದ್ರೆ ನಾಚಿಗೆ ಆಗ್ತದೆ. ನಾಚಿಗೆ ಆದ್ರೆ ನಾಳೆಯಿಂದ ಒಳ್ಳೆ ಚಹಾ ಮಾಡ್ತೀರಿ."

"ನನ್ನ ಇಪ್ಪತ್ತು ವರ್ಷದ ಹೆಸರು!"

"ಅವಳದು ಹದಿಮೂರು ವರ್ಷದ ಹೆಸರು! ಆರು ವಾರ ಇಲ್ಲಿ ನೇತು ಹಾಕಿದ್ರಿ. ಒಂದು ದಿನ ನಿಮ್ಮದು ಇರ್ಲಿ!"

ನಾನು ಕೂಗಿದ್ದು ರಸ್ತೆಯ ಆಚೆಗೂ ಕೇಳಿಸಿರಬೇಕು. ಗಿರಾಕಿಗಳ ಮುಂದೆ ಹೆಂಡತಿಯ ಜೊತೆ ಹೊಡೆದಾಡುವ ಹಾಗಿಲ್ಲ. ಅವರು ಒಳಗೆ ಹೋಗಿ ಗಲ್ಲಾಪೆಟ್ಟಿಗೆಯ ಹಿಂದೆ ಕೂತರು. ಬರುವವರು ಹೋಗುವವರೆಲ್ಲ ಹಲಗೆ ನೋಡಿ ಅವರ ಮುಖ ನೋಡುತ್ತಿದ್ದರು. ಅವರು ಗೋಡೆ ನೋಡುತ್ತಿದ್ದರು. ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ತುಂಬ ಖುಷಿಯಾಯಿತು.

ಹನ್ನೊಂದೂವರೆಗೆ ಹರಿಣಾಕ್ಷಿ ಬಂದಳು. ಜನ ನಿಂತದ್ದು ನೋಡಿ ಅಲ್ಲೇ ನಿಂತಳು. ತನ್ನದೇ ಅಂಕ ಓದುತ್ತಿದ್ದಾರೆ ಎಂದುಕೊಂಡಿರಬೇಕು, ಚೀಲವನ್ನು ಎದೆಗೊತ್ತಿಕೊಂಡಳು. ಆಮೇಲೆ ಒಂದೊಂದೇ ಸಾಲು ಓದಿದಳು. ಅವಳು ನಗುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಅವಳು ಒಳಗೆ ಕೂತ ಅಪ್ಪನನ್ನು ನೋಡಿದಳು. ಚೀಲವನ್ನು ಮೆಟ್ಟಿಲ ಮೇಲೆ ಇಟ್ಟು, ಎರಡೂ ಅಂಗೈಯಿಂದ ಹಲಗೆ ಒರೆಸತೊಡಗಿದಳು.

"ಏ, ಬಿಡು! ಇರ್ಲಿ ಅದು!" ಎಂದು ಅವಳ ತೋಳು ಹಿಡಿದೆ.

ಅವಳು ಕೊಸರಿಕೊಂಡಳು. "ಬೇಡ ಅಮ್ಮ! ಅಪ್ಪ ಅಲ್ಲೇ ಕೂತಿದ್ದಾರೆ, ಎಲ್ಲರೂ ಓದ್ತಿದ್ದಾರೆ. ಅವರಿಗೆ ಹೇಗಾಗ್ತದೆ ಅಂತ ನಿನಗೆ ಗೊತ್ತುಂಟಾ? ಹೊಟ್ಟೆಯೊಳಗೆ ಹೇಗಾಗ್ತದೆ ಗೊತ್ತುಂಟಾ?"

ನಾನು ಅವಳ ತೋಳು ಬಿಟ್ಟೆ. ಆರು ವಾರ ದಿನಕ್ಕೆ ಹತ್ತು ಸಲ ನಾನು ಆ ಹಲಗೆಯ ಮುಂದೆ ಓಡಾಡಿದ್ದೆ. ಒದ್ದೆ ಬಟ್ಟೆ ಸದಾ ನನ್ನ ಹೆಗಲ ಮೇಲೇ ಇತ್ತು. ಒಂದು ಸಲ ಒರೆಸಿದ್ದರೆ ಸಾಕಿತ್ತು. ಗಂಡನ ಮೇಲಿದ್ದ ಸಿಟ್ಟು ಇಳಿಯಲಿಲ್ಲ, ಆದರೆ ಅದರ ಎರಡರಷ್ಟು ನನ್ನ ಮೇಲೆ ಬಂತು. ಈಗಲೂ ಇದೆ.

ಭುಜಂಗರು ಎದ್ದು ಬಾಗಿಲಿಗೆ ಬಂದರು. ಅಷ್ಟರಲ್ಲಿ ಹಲಗೆ ಬರೀ ಬೂದಿ ಬಣ್ಣವಾಗಿತ್ತು. ಪ್ರತಿ ಶನಿವಾರ ಕೇಳುವುದನ್ನೇ ಕೇಳಿದರು. "ಪೇಪರು... ಹೇಗಾಯ್ತು?"

ಮಗಳು ಅಪ್ಪನನ್ನು ನೇರ ನೋಡಿದಳು. "ಎರಡು ಲೆಕ್ಕ ಬರ್ದೆ. ಎಷ್ಟು ಬರ್ತದೆ ಗೊತ್ತಿಲ್ಲ. ಬಂದ ಮೇಲೆ ನಿಮಗೆ ಹೇಳುದಿಲ್ಲ, ಅಪ್ಪ. ಅಮ್ಮನಿಗೂ ಹೇಳುದಿಲ್ಲ."

"ಬೇಡ" ಎಂದರು ಅವರು. "ಹೇಳ್ಬೇಡ."

"ಔರಂಗಾಬಾದಿಗೆ ಕಳಿಸ್ತೀರಾ?"

ಭುಜಂಗರು ಇಲ್ಲ ಎಂದು ತಲೆ ಆಡಿಸಿದರು. ಅವಳಿಗೆ ಅದು ಸಾಲಲಿಲ್ಲ.

"ಇಷ್ಟು ದಿನ ಎಲ್ಲರ ಮುಂದೆ ಬರ್ದ್ರಿ, ಈಗ ಎಲ್ಲರ ಮುಂದೆ ಬಾಯಲ್ಲಿ ಹೇಳಿ" ಎಂದಳು.

ಹದಿನೈದು ಜನ ಗಿರಾಕಿಗಳ ಮುಂದೆ ನನ್ನ ಗಂಡ, "ಕಳಿಸುದಿಲ್ಲ ಮಗಾ" ಎಂದು ಗಟ್ಟಿಯಾಗಿ ಹೇಳಿದರು.